ಗುಲಾಮಗಿರಿಯಿಂದ ಗುರುಪೀಠಕ್ಕೆ: ಬೂಕರ್ ಟಿ. ವಾಷಿಂಗ್ಟನ್

ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಂಧುಗಳ ಮುಂದೆ ಅಮೆರಿಕಾ ದೇಶದ ಕಪ್ಪು ಜನಾಂಗದ ಒಬ್ಬ ಮಹನೀಯರ ಜೀವನವನ್ನು ಇಡುತ್ತಿದ್ದೇವೆ. ಅಷ್ಟು ದೂರದವರ ಕಥೆ ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಸಾಲ, ಬಡ್ಡಿ, ಅಂಗಡಿಯವನ ಲೆಕ್ಕದ ಪುಸ್ತಕ, ಮಕ್ಕಳ ಓದಿಗೆ ಇಲ್ಲದ ಶಾಲೆ, ಇವೆಲ್ಲ ಅಲ್ಲಿಯ ರೈತರಿಗೂ ಇದ್ದ ಕಷ್ಟಗಳೇ. ಒಂದು ಜನಾಂಗ ತನ್ನ ಕಾಲ ಮೇಲೆ ತಾನು ನಿಲ್ಲುವುದು ಹೇಗೆ, ಸ್ವಂತ ದುಡಿಮೆಯ ದಾರಿ ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೆ, ಎಲ್ಲಿ ಬಂದು ನಿಂತುಬಿಡುತ್ತದೆ ಎಂಬ ಎರಡನ್ನೂ ಬೂಕರ್ ವಾಷಿಂಗ್ಟನ್ನರ ಬದುಕು ತೋರಿಸಿಕೊಡುತ್ತದೆ.

ನಾನೂರು ಡಾಲರಿನ ಹುಡುಗ

ಬೂಕರ್ ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾ ರಾಜ್ಯದ ಒಂದು ಹೊಗೆಸೊಪ್ಪಿನ ತೋಟದಲ್ಲಿ. ತಾಯಿ ಜೇನ್ ಆ ತೋಟದ ಅಡಿಗೆಯವಳು, ಗುಲಾಮಳು. ತಂದೆ ಯಾರೋ ಒಬ್ಬ ಬಿಳಿಯ. ಆತ ಯಾರೆಂದು ಮಗನಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಅಡಿಗೆಮನೆಯ ಮಣ್ಣಿನ ನೆಲದ ಮೇಲೆ ಚಿಂದಿ ಬಟ್ಟೆ ಹಾಸಿಕೊಂಡು ತಾಯಿಮಕ್ಕಳು ಮಲಗುತ್ತಿದ್ದರು. 1861ರಲ್ಲಿ ಯಜಮಾನ ತೀರಿಕೊಂಡಾಗ ಆತನ ಆಸ್ತಿಯ ಪಟ್ಟಿ ಬರೆದರು. ಮನೆಯ ಸಾಮಾನು, ದನಕರುಗಳ ಜೊತೆಗೆ ಈ ಹುಡುಗನ ಹೆಸರನ್ನೂ ಬರೆದು, ಮುಂದೆ ಬೆಲೆ 400 ಡಾಲರ್ ಎಂದು ಹಾಕಿದರು. ಮನುಷ್ಯನಿಗೆ ಬೆಲೆ ಕಟ್ಟುತ್ತಿದ್ದ ಕಾಲ ಅದು.

1865ರಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆ ಸಿಕ್ಕಿತು. ಕೈಯಲ್ಲಿ ಕಾಸಿಲ್ಲ, ಕಾಲಡಿಯಲ್ಲಿ ಸ್ವಂತ ನೆಲವಿಲ್ಲ. ಸಂಸಾರ ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಊರಿಗೆ ಹೋಯಿತು. ಅಲ್ಲಿ ಮಲತಂದೆ ಉಪ್ಪು ಕಾಯಿಸುವ ಕೆಲಸದಲ್ಲಿದ್ದ. ಹುಡುಗನೂ ನಸುಕಿನಲ್ಲೇ ಎದ್ದು ಅದೇ ಕೆಲಸಕ್ಕೆ ಹೋದ. ಮಲತಂದೆಯ ಉಪ್ಪಿನ ಪೀಪಾಯಿಗಳ ಮೇಲೆ 18 ಎಂಬ ಗುರುತು ಹಾಕುತ್ತಿದ್ದರು. ಬೂಕರ್ ಮೊದಲು ಕಲಿತ ಅಕ್ಷರವೆಂದರೆ ಆ ಅಂಕಿಯೇ. ಓದು ಬಾರದ ತಾಯಿ ಎಲ್ಲಿಂದಲೋ ಒಂದು ಅಕ್ಷರಮಾಲೆಯ ಪುಸ್ತಕ ತಂದುಕೊಟ್ಟಳು. ಊರಲ್ಲಿ ಶಾಲೆ ಶುರುವಾದಾಗ ಎಲ್ಲರಿಗೂ ಎರಡೆರಡು ಹೆಸರಿದೆ, ತನಗೆ ಒಂದೇ ಅಂತ ಹುಡುಗನಿಗೆ ಗೊತ್ತಾಯಿತು. ಮೇಷ್ಟ್ರು ಹೆಸರು ಕೇಳಿದಾಗ ಹಿಂದೆಮುಂದೆ ನೋಡದೆ ವಾಷಿಂಗ್ಟನ್ ಎಂಬುದನ್ನೂ ಸೇರಿಸಿ ಹೇಳಿಬಿಟ್ಟ. ಹೀಗೆ ತನ್ನ ಹೆಸರನ್ನು ತಾನೇ ಸಂಪಾದಿಸಿಕೊಂಡ.

ಕಸ ಗುಡಿಸಿ ಗೆದ್ದ ಪರೀಕ್ಷೆ

ಆಮೇಲೆ ಕಲ್ಲಿದ್ದಲ ಗಣಿಯಲ್ಲಿ ದುಡಿದ. ಗಣಿ ಮಾಲೀಕರ ಮನೆಯಲ್ಲಿ ಆಳಾಗಿದ್ದ. ಆ ಮನೆಯೊಡತಿ ವಯೋಲಾ ರಫ್ನರ್ ಬಲು ಕಟ್ಟುನಿಟ್ಟು. ಒಂದು ಕಾಗದದ ಚೂರು ಅಂಗಳದಲ್ಲಿ ಬಿದ್ದಿದ್ದರೂ ಸುಮ್ಮನಿರುವವರಲ್ಲ. ಬೇರೆ ಹುಡುಗರು ಹೆಚ್ಚಾಗಿ ಎರಡು ಮೂರು ವಾರ ಮೀರಿ ನಿಲ್ಲದ ಆ ಮನೆಯಲ್ಲಿ ಬೂಕರ್ ನಿಂತ, ಶುಚಿ ಮತ್ತು ಶಿಸ್ತು ಕಲಿತ.

ಕಪ್ಪು ಜನರಿಗಾಗಿ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ದೊಡ್ಡ ಶಾಲೆ ಇದೆ, ದುಡಿದು ಓದಬಹುದು ಎಂದು ಗಣಿಯಲ್ಲಿ ಇಬ್ಬರು ಮಾತಾಡಿದ್ದು ಆತನ ಕಿವಿಗೆ ಬಿದ್ದಿತ್ತು. 1872ರಲ್ಲಿ ಸುಮಾರು 500 ಮೈಲಿ ದೂರದ ಆ ಶಾಲೆಗೆ ಹೊರಟೇಬಿಟ್ಟ. ಒಂದಿಷ್ಟು ದೂರ ಗಾಡಿಯಲ್ಲಿ, ಒಂದಿಷ್ಟು ದೂರ ಕಾಲ್ನಡಿಗೆ. ರಿಚ್ಮಂಡ್ ಪಟ್ಟಣ ಮುಟ್ಟುವ ಹೊತ್ತಿಗೆ ಕೈ ಬರಿದು. ಹಲಗೆ ಹಾಸಿದ ಕಾಲುದಾರಿಯ ಕೆಳಗೆ ತೂರಿಕೊಂಡು ರಾತ್ರಿ ಮಲಗಿದ. ಹಗಲು ಹಡಗಿನ ಸರಕು ಇಳಿಸಿ ದಾರಿಖರ್ಚು ಕೂಡಿಸಿಕೊಂಡ. ಹ್ಯಾಂಪ್ಟನ್ ತಲುಪಿದಾಗ ಜೇಬಿನಲ್ಲಿ ಇದ್ದದ್ದು 50 ಸೆಂಟು, ಅಂದರೆ ಅರ್ಧ ಡಾಲರ್.

ಮೈಬಟ್ಟೆ ಕೊಳೆಯಾಗಿದ್ದ ಈ ಹುಡುಗನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಅಲ್ಲಿಯ ಶಿಕ್ಷಕಿಗೆ ಅನುಮಾನ. ಒಂದು ಕೋಣೆ ಗುಡಿಸಲು ಹೇಳಿದರು. ಬೂಕರ್ ಮೂರು ಸಲ ಗುಡಿಸಿ ನಾಲ್ಕು ಸಲ ಧೂಳು ಒರೆಸಿದ. ಶಿಕ್ಷಕಿ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿದರು, ಚೂರೂ ಧೂಳು ಸಿಗಲಿಲ್ಲ. ಪ್ರವೇಶ ಸಿಕ್ಕಿತು, ಜೊತೆಗೆ ಶಾಲೆಯ ಜವಾನನ ಕೆಲಸವೂ ಸಿಕ್ಕಿತು. ಆಳಾಗಿ ದುಡಿ, ಅರಸಾಗಿ ಉಣ್ಣು ಎಂಬ ನಮ್ಮ ಗಾದೆಯಂತೆ ಮೂರು ವರ್ಷ ದುಡಿದು ಓದಿ 1875ರಲ್ಲಿ ಉತ್ತೀರ್ಣರಾದರು.

ಟಸ್ಕೆಗೀ: ಹಾಳು ತೋಟದಲ್ಲಿ ವಿದ್ಯಾಲಯ

ಅಲಬಾಮಾ ರಾಜ್ಯದ ಟಸ್ಕೆಗೀ ಎಂಬ ಸಣ್ಣ ಊರಿನಲ್ಲಿ ಕಪ್ಪು ಜನರ ಶಾಲೆಗಾಗಿ ಸರ್ಕಾರ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು. ಈ ಹಣ ಬಂದ ಬಗೆಯನ್ನು ಸದಸ್ಯರು ಗಮನಿಸಬೇಕು. ಅಲ್ಲಿ ಲೂಯಿಸ್ ಆಡಮ್ಸ್ ಎಂಬ ಮಾಜಿ ಗುಲಾಮ, ತಗಡಿನ ಕೆಲಸಗಾರ ಇದ್ದರು. 1880ರ ಚುನಾವಣೆಯಲ್ಲಿ ಕಪ್ಪು ಜನರ ಓಟು ಬೇಕಾದರೆ ನಮಗೊಂದು ಶಾಲೆ ಕೊಡಿಸಬೇಕು ಅಂತ ಅವರು ಬಿಳಿಯ ಅಭ್ಯರ್ಥಿಯೊಂದಿಗೆ ಮಾತು ಮಾಡಿಕೊಂಡರು. ಆ ಮಾತಿನಂತೆ ಶಾಲೆ ಬಂತು. ಓಟಿನಿಂದ ಬಂದ ಶಾಲೆ ಅದು. ಈ ಮಾತನ್ನು ಮುಂದಕ್ಕೆ ನೆನಪಿಟ್ಟುಕೊಳ್ಳಿ.

ಹ್ಯಾಂಪ್ಟನ್ ಶಾಲೆಯ ಮುಖ್ಯಸ್ಥ ಜನರಲ್ ಆರ್ಮ್‌ಸ್ಟ್ರಾಂಗ್ ಅವರ ಶಿಫಾರಸಿನ ಮೇಲೆ ಇಪ್ಪತ್ತೈದರ ಹರೆಯದ ವಾಷಿಂಗ್ಟನ್ ಮುಖ್ಯೋಪಾಧ್ಯಾಯರಾಗಿ ಅಲ್ಲಿಗೆ ಹೋದರು. ಹೋಗಿ ನೋಡಿದರೆ ಶಾಲೆಗೆ ಜಾಗವೂ ಇಲ್ಲ, ಕಟ್ಟಡವೂ ಇಲ್ಲ. 1881ರ ಜುಲೈ 4ರಂದು ಒಂದು ಹಳೆಯ ಗುಡಿಸಲಿನಲ್ಲಿ 30 ವಿದ್ಯಾರ್ಥಿಗಳೊಂದಿಗೆ ಪಾಠ ಶುರುವಾಯಿತು. ಮಳೆ ಬಂದರೆ ಒಬ್ಬ ವಿದ್ಯಾರ್ಥಿ ಮೇಷ್ಟ್ರ ತಲೆಯ ಮೇಲೆ ಕೊಡೆ ಹಿಡಿಯುತ್ತಿದ್ದ.

ಊರ ಹೊರಗೆ 100 ಎಕರೆಯ ಹಾಳುಬಿದ್ದ ತೋಟ 500 ಡಾಲರಿಗೆ ಸಿಗುತ್ತಿತ್ತು. ಹ್ಯಾಂಪ್ಟನ್‌ನ ಖಜಾಂಚಿ 250 ಡಾಲರ್ ಕೈಸಾಲ ಕೊಟ್ಟರು. ಉಳಿದದ್ದಕ್ಕೆ ಒಲಿವಿಯಾ ಡೇವಿಡ್ಸನ್ ಎಂಬ ಶಿಕ್ಷಕಿ ಮನೆಮನೆ ತಿರುಗಿ, ತಿಂಡಿತಿನಿಸಿನ ಮಾರಾಟ ಏರ್ಪಡಿಸಿ ಹಣ ಕೂಡಿಸಿದರು. ಹನಿಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ, ಹಾಗೆ ಸಾಲ ತೀರಿತು.

ಓದಲು ಬಂದವರು ಕೊಡಲಿ ಹಿಡಿದು ಕಾಡು ಕಡಿಯುವುದೇ ಅಂತ ವಿದ್ಯಾರ್ಥಿಗಳು ಗೊಣಗಿದರು. ವಾಷಿಂಗ್ಟನ್ ತಾವೇ ಮೊದಲು ಕೊಡಲಿ ಹಿಡಿದು ಹೊರಟರು. ಕಟ್ಟಡಕ್ಕೆ ಇಟ್ಟಿಗೆ ಬೇಕು, ಊರಲ್ಲಿ ಇಟ್ಟಿಗೆ ಸುಡುವವರು ಯಾರೂ ಇಲ್ಲ. ತಾವೇ ಸುಡೋಣ ಎಂದು ಕೈಹಾಕಿದರೆ ಮೊದಲ ಮೂರು ಗೂಡುಗಳೂ ಕೆಟ್ಟವು. ಖಜಾನೆ ಖಾಲಿ. ವಾಷಿಂಗ್ಟನ್ ಮಾಂಟ್ಗಾಮರಿ ಪಟ್ಟಣಕ್ಕೆ ಹೋಗಿ ತಮ್ಮ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟು ಬಂದರು. ನಾಲ್ಕನೆಯ ಗೂಡು ಚೆನ್ನಾಗಿ ಬಂತು. ಗಡಿಯಾರ ಮಾತ್ರ ಮತ್ತೆ ಬಿಡಿಸಿಕೊಳ್ಳಲಾಗಲಿಲ್ಲ. ಈ ಶಾಲೆಯನ್ನು ಅನುಮಾನದಿಂದ ನೋಡುತ್ತಿದ್ದ ಬಿಳಿಯರು ಕೂಡ ಇಟ್ಟಿಗೆ ಕೊಳ್ಳಲು ಬರತೊಡಗಿದರು. ಮುಂದೆ ಶಾಲೆಯ ಕಟ್ಟಡಗಳಲ್ಲಿ ಬಹುಪಾಲು ವಿದ್ಯಾರ್ಥಿಗಳ ಕೈಯಿಂದಲೇ ಎದ್ದವು.

ಸಾಲದ ಗಂಟಿನಿಂದ ರೈತರ ಬಿಡುಗಡೆ

ಅಲ್ಲಿಯ ಕಪ್ಪು ರೈತರ ಸ್ಥಿತಿ ಹೇಗಿತ್ತು ಅಂದರೆ, ಭೂಮಿ ಬಿಳಿಯರದು, ದುಡಿಮೆ ಇವರದು. ಬೀಜ, ಗೊಬ್ಬರ, ತಿನ್ನುವ ಕಾಳು ಎಲ್ಲವೂ ಅಂಗಡಿಯಲ್ಲಿ ಸಾಲ. ಆ ಸಾಲಕ್ಕೆ ಇನ್ನೂ ಬೆಳೆಯದ ಹತ್ತಿಯೇ ಅಡವು. ಬಡ್ಡಿ ವಿಪರೀತ, ಲೆಕ್ಕ ಬರೆಯುವವನು ಅಂಗಡಿಯವನು. ಹತ್ತಿ ಬಿಟ್ಟು ಬೇರೇನೂ ಬಿತ್ತಲು ಬಿಡುತ್ತಿರಲಿಲ್ಲ. ವರ್ಷದ ಕೊನೆಗೆ ರೈತನ ಕೈಗೆ ಉಳಿಯುತ್ತಿದ್ದದ್ದು ಹೊಸ ಸಾಲ.

1892ರಲ್ಲಿ ವಾಷಿಂಗ್ಟನ್ ಟಸ್ಕೆಗೀಯಲ್ಲಿ ರೈತರ ಸಮ್ಮೇಳನ ಆರಂಭಿಸಿದರು. ಕರೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ಬಂದರು. ದೊಡ್ಡವರ ಭಾಷಣಕ್ಕಿಂತ ರೈತರ ಮಾತಿಗೇ ಅಲ್ಲಿ ಮೊದಲ ಸ್ಥಾನ. ಯಾರಿಗೆಷ್ಟು ಸಾಲ, ಯಾರು ಹೇಗೆ ತೀರಿಸಿದರು, ಯಾರು ಭೂಮಿ ಕೊಂಡರು ಅಂತ ಅವರೇ ಎದ್ದು ಹೇಳುತ್ತಿದ್ದರು. ಮನೆಗೆ ಬೇಕಾದ ಜೋಳ, ತರಕಾರಿ ಬೆಳೆದುಕೊಳ್ಳಿ. ಹಂದಿ, ಕೋಳಿ ಸಾಕಿ. ಅಂಗಡಿ ಸಾಲ ಕಡಿಮೆ ಮಾಡಿ. ಉಳಿಸಿ ಒಂದೆರಡು ಎಕರೆಯಾದರೂ ಸ್ವಂತಕ್ಕೆ ಮಾಡಿಕೊಳ್ಳಿ. ಇದೇ ಅಲ್ಲಿಯ ಬೋಧನೆ. 1896ರಲ್ಲಿ ಹೆಸರಾಂತ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಈ ಶಾಲೆಗೆ ಬಂದರು. ಶಾಲೆಗೆ ಬರಲಾರದ ರೈತರಿಗಾಗಿ 1906ರಲ್ಲಿ ನೇಗಿಲು, ಬೀಜ, ಹೈನಿನ ಸಾಮಾನು ಹೇರಿಕೊಂಡ ಕುದುರೆಗಾಡಿಯೊಂದು ಊರೂರು ತಿರುಗಿ ಹೊಲದಲ್ಲೇ ಪಾಠ ಹೇಳತೊಡಗಿತು.

ಕೀರ್ತಿ ಮತ್ತು ಟೀಕೆ

1895ರ ಸೆಪ್ಟೆಂಬರ್ 18ರಂದು ಅಟ್ಲಾಂಟಾದ ವಸ್ತುಪ್ರದರ್ಶನದಲ್ಲಿ ಮಾಡಿದ ಭಾಷಣದಿಂದ ವಾಷಿಂಗ್ಟನ್ನರು ದೇಶಕ್ಕೇ ಹೆಸರಾದರು. ಕಪ್ಪು ಜನ ಸಮಾನತೆಗಾಗಿ ಈಗಲೇ ಹೋರಾಡುವುದು ಬೇಡ. ಮೊದಲು ಕಸುಬು, ಭೂಮಿ, ಉಳಿತಾಯ. ಗೌರವ ತಾನಾಗಿ ಹಿಂಬಾಲಿಸುತ್ತದೆ ಎಂಬುದು ಅವರ ಮಾತಿನ ತಿರುಳು. ಬಿಳಿಯರಿಗೂ ಇದು ಹಿತವಾಯಿತು. 1901ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದರು. ಕಪ್ಪು ಮನುಷ್ಯ ಅಧ್ಯಕ್ಷರ ಪಂಕ್ತಿಯಲ್ಲಿ ಕೂತನಲ್ಲ ಅಂತ ದಕ್ಷಿಣದ ಬಿಳಿಯರು ರೊಚ್ಚಿಗೆದ್ದರು. 1903ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ತಮ್ಮ ಇಂಡಿಯನ್ ಒಪೀನಿಯನ್ ಪತ್ರಿಕೆಯಲ್ಲಿ ವಾಷಿಂಗ್ಟನ್ನರ ಬಗ್ಗೆ ಮೆಚ್ಚಿ ಬರೆದರು.

ಆದರೆ ಗೌರವ ತಾನಾಗಿ ಹಿಂಬಾಲಿಸಿತೇ? ಇಲ್ಲ. ಅದೇ 1901ರಲ್ಲಿ ಅಲಬಾಮಾ ಹೊಸ ಸಂವಿಧಾನ ಮಾಡಿ ಕಪ್ಪು ಜನರ ಓಟು ಕಿತ್ತುಕೊಂಡಿತು. ಸುಮಾರು 1,80,000 ಕಪ್ಪು ಪುರುಷರು ಮತದಾನದ ವಯಸ್ಸಿನವರಿದ್ದ ಆ ರಾಜ್ಯದಲ್ಲಿ 1903ರ ಹೊತ್ತಿಗೆ ಮತದಾರರ ಪಟ್ಟಿಯಲ್ಲಿ ಉಳಿದವರು ಸುಮಾರು 3,000. 1890ರ ದಶಕದ ಹಲವು ವರ್ಷಗಳಲ್ಲಿ ಬಿಳಿಯರ ಗುಂಪುಗಳು ವರ್ಷಕ್ಕೆ ನೂರಕ್ಕೂ ಹೆಚ್ಚು ಕಪ್ಪು ಜನರನ್ನು ವಿಚಾರಣೆಯಿಲ್ಲದೆ ಕೊಂದಿದ್ದವು.

ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವಿದ್ವಾಂಸ ಡು ಬಾಯ್ಸ್ ಅವರು 1903ರಲ್ಲಿ ತಮ್ಮ ಪುಸ್ತಕದಲ್ಲಿ ವಾಷಿಂಗ್ಟನ್ನರನ್ನು ನೇರವಾಗಿ ಟೀಕಿಸಿದರು. ಭೂಮಿ ಕೊಂಡವನಿಗೆ ಅದನ್ನು ಕಾಪಾಡಿಕೊಳ್ಳಲು ಓಟು ಬೇಡವೇ? ಕಸುಬಿನ ಶಾಲೆಗೆ ಮೇಷ್ಟ್ರುಗಳನ್ನು ತಯಾರು ಮಾಡಲು ಉನ್ನತ ಶಿಕ್ಷಣ ಬೇಡವೇ? ಇವು ಅವರು ಎತ್ತಿದ ಪ್ರಶ್ನೆಗಳು. ನ್ಯಾಯವಾದ ಪ್ರಶ್ನೆಗಳೇ. ತಮ್ಮನ್ನು ಟೀಕಿಸುವವರನ್ನು ವಾಷಿಂಗ್ಟನ್ನರು ಸಹಿಸುತ್ತಿರಲಿಲ್ಲ, ಹಣ ಕೊಟ್ಟು ಪತ್ರಿಕೆಗಳನ್ನು ತಮ್ಮ ಕಡೆ ಇಟ್ಟುಕೊಂಡಿದ್ದರು ಎಂಬುದನ್ನೂ ಮುಚ್ಚಿಡಬಾರದು.

ಅವರ ಕಾಗದಪತ್ರಗಳನ್ನು ವಿದ್ವಾಂಸರು ಪರಿಶೀಲಿಸಿದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ಹೊರಗೆ ಸುಮ್ಮನಿದ್ದ ಈ ಮನುಷ್ಯ ಒಳಗೊಳಗೇ ಕೋರ್ಟಿನ ಹೋರಾಟಗಳಿಗೆ ನೆರವಾಗುತ್ತಿದ್ದರು. ಅಲಬಾಮಾದ ಓಟಿನ ಮೊಕದ್ದಮೆಗೆ ಗುಟ್ಟಾಗಿ ಹಣ ಕೊಟ್ಟರು. 1903ರಲ್ಲಿ ಅದು ಸೋತಿತು. ಅಲೋಂಜೊ ಬೈಲಿ ಎಂಬ ಕೂಲಿಯಾಳು 15 ಡಾಲರ್ ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟಿದ್ದಕ್ಕೆ ಶಿಕ್ಷೆಯಾಗಿತ್ತು. ಆತನ ಪರವಾಗಿಯೂ ತೆರೆಮರೆಯಲ್ಲಿ ನಿಂತರು. 1911ರಲ್ಲಿ ಸುಪ್ರೀಂ ಕೋರ್ಟ್ ಆ ಜೀತದ ಕಾನೂನನ್ನು ರದ್ದುಮಾಡಿತು. ಸ್ವಂತ ದುಡಿಮೆ ಒಂದೇ ಸಾಲದು ಅಂತ ಅವರಿಗೂ ಗೊತ್ತಿತ್ತು ಎಂದು ಇದರಿಂದ ತಿಳಿಯುತ್ತದೆ. ಬಾಯಿಬಿಟ್ಟು ಹೇಳುವ ಧೈರ್ಯ ಮಾಡಲಿಲ್ಲ, ಅಥವಾ ಹೇಳಿದರೆ ಶಾಲೆ ಉಳಿಯುವುದಿಲ್ಲ ಎಂದುಕೊಂಡರು.

ಪಾಲು ಹಾಕಿ ಕಟ್ಟಿದ ಶಾಲೆಗಳು

ಅವರ ಕೊನೆಯ ದೊಡ್ಡ ಕೆಲಸ ಹಳ್ಳಿ ಶಾಲೆಗಳದು. 1912ರಲ್ಲಿ ಚಿಕಾಗೋದ ವ್ಯಾಪಾರಿ ಜೂಲಿಯಸ್ ರೋಸೆನ್ವಾಲ್ಡ್ ಕೊಟ್ಟ ದಾನದಿಂದ ಮೊದಲು ಆರು ಶಾಲೆ ಎದ್ದವು. ದಾನ ಬೇಕಾದರೆ ಊರಿನವರೂ ಪಾಲು ಹಾಕಬೇಕು ಎಂಬುದು ಕರಾರು. ಬಡ ರೈತರು ಶಾಲೆಗೆಂದೇ ಒಂದು ತುಂಡು ಹೊಲದಲ್ಲಿ ಹತ್ತಿ ಬೆಳೆದರು, ಜಾಗ ಕೊಟ್ಟರು, ಮರ ಕಡಿದು ತಂದರು, ಮೈಮುರಿದು ದುಡಿದರು. 1932ರ ಹೊತ್ತಿಗೆ ದಕ್ಷಿಣದ 15 ರಾಜ್ಯಗಳಲ್ಲಿ 4,977 ಶಾಲೆಗಳಾದವು. ಅವುಗಳಿಗೆ ರೋಸೆನ್ವಾಲ್ಡ್ ನಿಧಿ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಜನ ಕೂಡಿಸಿದ್ದು ಸುಮಾರು 47 ಲಕ್ಷ. ಕೋಟ್ಯಧೀಶನಿಗಿಂತ ಕೂಲಿಯವರ ಪಾಲೇ ಹೆಚ್ಚು!

ಅಷ್ಟನ್ನು ನೋಡಲು ವಾಷಿಂಗ್ಟನ್ನರು ಉಳಿಯಲಿಲ್ಲ. 1915ರಲ್ಲಿ ನ್ಯೂಯಾರ್ಕಿನಲ್ಲಿ ಕಾಯಿಲೆ ಉಲ್ಬಣವಾದಾಗ, ಸಾಯುವುದಾದರೆ ದಕ್ಷಿಣದಲ್ಲೇ ಎಂದು ಹಟಹಿಡಿದು ರೈಲು ಹತ್ತಿದರು. ನವೆಂಬರ್ 14ರಂದು ಟಸ್ಕೆಗೀಯಲ್ಲಿ ಕೊನೆಯುಸಿರೆಳೆದರು. ಆಗ ಶಾಲೆಯಲ್ಲಿ ನೂರಕ್ಕೂ ಹೆಚ್ಚು ಕಟ್ಟಡ, ಸುಮಾರು 1,500 ವಿದ್ಯಾರ್ಥಿಗಳು, 200 ಮಂದಿ ಶಿಕ್ಷಕರು, 38 ಕಸುಬುಗಳ ಪಾಠ ಇದ್ದವು. ಅಲ್ಲಿಯೇ ಅವರ ಸಮಾಧಿಯಿದೆ.

ಪಾಲೂ ಬೇಕು, ಮತವೂ ಬೇಕು

ಮುಂದೆ ಟಸ್ಕೆಗೀಯಲ್ಲಿ ನಡೆದದ್ದೇ ಈ ಕಥೆಯ ನಿಜವಾದ ಪಾಠ. 1957ರ ಹೊತ್ತಿಗೆ ಅಲ್ಲಿಯ ಕಪ್ಪು ಜನರಲ್ಲಿ ಪ್ರಾಧ್ಯಾಪಕರು, ವೈದ್ಯರು, ಮನೆ ಆಸ್ತಿ ಉಳ್ಳವರು ಬೇಕಾದಷ್ಟು ಇದ್ದರು. ವಾಷಿಂಗ್ಟನ್ನರು ಬಯಸಿದ್ದೆಲ್ಲ ಅವರಲ್ಲಿತ್ತು. ಆದರೂ ರಾಜ್ಯ ಶಾಸನಸಭೆ ಊರಿನ ಗಡಿಯನ್ನು 28 ಮೂಲೆಗಳಾಗಿ ವಕ್ರವಕ್ರವಾಗಿ ಎಳೆದು, ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಊರಿನಿಂದಲೇ ಹೊರಗೆ ಹಾಕಿತು. ಜನ ಸುಮ್ಮನಿರಲಿಲ್ಲ. ಬಿಳಿಯರ ಅಂಗಡಿಗೆ ಕಾಲಿಡುವುದು ನಿಲ್ಲಿಸಿದರು. ಅದೇ ಶಾಲೆಯ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಕೋರ್ಟಿಗೆ ಹೋದರು. 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು. 1972ರಲ್ಲಿ ಟಸ್ಕೆಗೀ ತನ್ನ ಮೊದಲ ಕಪ್ಪು ಮೇಯರನ್ನು ಆರಿಸಿಕೊಂಡಿತು.

ಸ್ವಂತ ದುಡಿಮೆ, ವಿದ್ಯೆ, ಉಳಿತಾಯ ಇಲ್ಲದಿದ್ದರೆ ಆ ಜನ ಹೋರಾಡುವ ಶಕ್ತಿಯನ್ನೇ ಪಡೆಯುತ್ತಿರಲಿಲ್ಲ. ಓಟು ಇಲ್ಲದಿದ್ದರೆ ದುಡಿದು ಗಳಿಸಿದ್ದು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ವಾಷಿಂಗ್ಟನ್ನರೂ ಡು ಬಾಯ್ಸರೂ ಒಂದೊಂದು ಚಕ್ರ ಹಿಡಿದಿದ್ದರು. ಗಾಡಿಗೆ ಎರಡೂ ಬೇಕು. ಸಹಕಾರಿ ಸಂಘ ಎಂಬುದು ಇವೆರಡನ್ನೂ ಕೂಡಿಸಿದ ವ್ಯವಸ್ಥೆ. ಇಲ್ಲಿ ಪ್ರತಿಯೊಬ್ಬನೂ ತನ್ನ ಪಾಲು ಹಾಕಬೇಕು, ಪಡೆದ ಸಾಲವನ್ನು ವಾಯಿದೆಗೆ ಸರಿಯಾಗಿ ಕಟ್ಟಬೇಕು. ಹಾಗೆಯೇ ಹತ್ತು ಷೇರು ಇದ್ದವನಿಗೂ ಒಂದೇ ಮತ, ಒಂದು ಷೇರು ಇದ್ದವನಿಗೂ ಒಂದೇ ಮತ. ಸಾಲದ ಕಂತು ಕಟ್ಟಿ ಮಹಾಸಭೆಗೆ ಬಾರದೆ ಮನೆಯಲ್ಲಿ ಕೂತವನು ಅರ್ಧ ಸದಸ್ಯ. ಮಹಾಸಭೆಯಲ್ಲಿ ಗಟ್ಟಿಯಾಗಿ ಮಾತಾಡಿ ಕಂತು ಬಾಕಿ ಉಳಿಸಿಕೊಂಡವನೂ ಅರ್ಧ ಸದಸ್ಯನೇ. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸಂಘದಲ್ಲಿ ಎಲ್ಲರೂ ಪೂರ್ಣ ಸದಸ್ಯರಾಗಲಿ ಎಂದು ಹಾರೈಸುತ್ತೇವೆ.