ಶ್ರೀ ಎಸ್. ನಿಜಲಿಂಗಪ್ಪ: ತುರುವನೂರಿನ ಸತ್ಯಾಗ್ರಹದಿಂದ ಅರಣ್ಯ ಅಧಿನಿಯಮದವರೆಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರು ಸ್ವಂತ ಉಪಯೋಗದ ಉರುವಲು ಸೌದೆಗಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬಂದಾಗ ಅವರ ಕೋರಿಕೆಯನ್ನು ಪರಿಶೀಲಿಸುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಮೇರೆಗೆ. ಈ ಅಧಿನಿಯಮವು ರೂಪುಗೊಂಡಾಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಚಿತ್ರದುರ್ಗದವರೇ ಆದ ಶ್ರೀ ಸಿದ್ದವನಹಳ್ಳಿ ನಿಜಲಿಂಗಪ್ಪನವರು. ಅದಕ್ಕೆ ಸುಮಾರು ಕಾಲು ಶತಮಾನ ಮೊದಲು, ಅರಣ್ಯ ಕಾನೂನನ್ನು ಬಹಿರಂಗವಾಗಿ ಮುರಿದ ಚಳವಳಿಯಲ್ಲಿ ಪಾಲ್ಗೊಂಡು ಇದೇ ಜಿಲ್ಲೆಯಲ್ಲಿ ಬಂಧನಕ್ಕೆ ಒಳಗಾದವರೂ ಅವರೇ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಆಗ ಈ ಗ್ರಾಮವು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ವಿದ್ಯಾಭ್ಯಾಸ ಮಾಡಿದರು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನೂ, 1926ರಲ್ಲಿ ಪುಣೆಯ ಕಾನೂನು ಕಾಲೇಜಿನಿಂದ ಕಾನೂನು ಪದವಿಯನ್ನೂ ಪಡೆದು ಚಿತ್ರದುರ್ಗಕ್ಕೆ ಮರಳಿ ವಕೀಲಿ ವೃತ್ತಿಯನ್ನು ಕೈಗೊಂಡರು. ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ಭಾಗವಹಿಸಿದ್ದರು. ಅಲ್ಲಿಂದ ಮುಂದೆ ನ್ಯಾಯಾಲಯದ ಕೆಲಸವೂ ಸಾರ್ವಜನಿಕ ಕೆಲಸವೂ ಅವರ ಬದುಕಿನಲ್ಲಿ ಜೊತೆಜೊತೆಯಾಗಿಯೇ ನಡೆದುವು.

ಅಂದಿನ ಚಿತ್ರದುರ್ಗ ಜಿಲ್ಲೆಯಲ್ಲಿ ಅರಣ್ಯವೆಂಬುದು ಮಲೆನಾಡಿನ ದಟ್ಟ ಕಾಡಲ್ಲ. ಮಳೆ ಕಡಿಮೆ, ಕಲ್ಲುಗುಡ್ಡಗಳ ಮೇಲೆ ದಿಂಡಿಗ, ಕಮರ, ಜಾಲಿ, ಸೀತಾಫಲಗಳ ಕುರುಚಲು, ಹಳ್ಳಗಳ ದಂಡೆಯಲ್ಲಿ ಈಚಲು. ಹಳ್ಳಿಯ ಮನೆಗಳಲ್ಲಿ ಒಲೆ ಉರಿಯುತ್ತಿದ್ದುದು ಸೌದೆ, ಕುಳ್ಳು ಮತ್ತು ಹೊಲದ ಕಟ್ಟಿಗೆಗಳಿಂದ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕಟ್ಟಿಗೆಯೂ ಇರುತ್ತಿರಲಿಲ್ಲ, ಮೇವಿಲ್ಲದೆ ದನ ಕಡಿಮೆಯಾದರೆ ಕುಳ್ಳೂ ಇರುತ್ತಿರಲಿಲ್ಲ; ಆಗ ಉಳಿಯುತ್ತಿದ್ದುದು ಗುಡ್ಡವೊಂದೇ. ನೇಗಿಲು, ನೊಗ, ಗುಡಿಸಲಿನ ಗಳ ಇವುಗಳಿಗೂ ರೈತನು ಅದೇ ಗುಡ್ಡದ ಕಡೆಗೆ ನೋಡಬೇಕಿತ್ತು. ಮೈಸೂರು ಸಂಸ್ಥಾನದ 1900ನೆಯ ಇಸವಿಯ ಅರಣ್ಯ ರೆಗ್ಯುಲೇಷನ್ ಜಾರಿಗೆ ಬಂದ ಮೇಲೆ ಇಂತಹ ಗುಡ್ಡಗಳನ್ನು ರಾಜ್ಯಾರಣ್ಯಗಳೆಂದು ಗುರುತಿಸಿ ಕಾಯ್ದಿರಿಸುವ ಕೆಲಸಕ್ಕೆ ಕಾನೂನಿನ ಬಲ ಬಂದಿತು. ಗಡಿಕಲ್ಲಿನ ಒಳಗೆ ಅನುಮತಿಯಿಲ್ಲದೆ ಕೊಡಲಿ ಎತ್ತುವುದು ಅಪರಾಧವೆನಿಸಿತು. ಕುರುಚಲು ಕಾಡು ಒಮ್ಮೆ ಬೋಳಾದರೆ ಮರಳಿ ಚಿಗುರಲು ದಶಕಗಳು ಬೇಕಾಗುವ ಪ್ರದೇಶದಲ್ಲಿ ಇಂತಹ ನಿರ್ಬಂಧಕ್ಕೆ ಕಾರಣವಿರಲಿಲ್ಲವೆಂದು ಹೇಳಲಾಗದು. ಆದರೆ ಆ ಕಾನೂನನ್ನು ಮಾಡುವಾಗ ಗುಡ್ಡದ ಬುಡದ ಊರಿನವರಿಗೆ ಮತವಿರಲಿಲ್ಲ, ಅವರಿಗೆ ಉತ್ತರ ಹೇಳಬೇಕಾದ ಸರ್ಕಾರವೂ ಇರಲಿಲ್ಲ.

ಮೈಸೂರು ಕಾಂಗ್ರೆಸ್ಸಿನ ಬೇಡಿಕೆ ಇದ್ದುದೂ ಇಲ್ಲಿಯೇ. ಜನರಿಗೆ ಜವಾಬ್ದಾರಿಯಾದ ಸರ್ಕಾರ ಬೇಕೆಂದು 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು; ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಪ್ರಾಣಹಾನಿಯಾಯಿತು. ಮರುವರ್ಷ, 1939ರಲ್ಲಿ, ಕಾನೂನುಭಂಗಕ್ಕೆ ಮೈಸೂರು ಕಾಂಗ್ರೆಸ್ ಮುಂದಾದಾಗ ಚಿತ್ರದುರ್ಗ ಜಿಲ್ಲೆಯಲ್ಲಿ ಅದಕ್ಕೆ ಆರಿಸಿಕೊಂಡ ವಿಷಯ ಅರಣ್ಯ. ಸ್ಥಳ, ಚಿತ್ರದುರ್ಗ ತಾಲ್ಲೂಕಿನ ತುರುವನೂರು. ಅರಣ್ಯ ಸತ್ಯಾಗ್ರಹವು ಕನ್ನಡ ನಾಡಿಗೆ ಹೊಸದಾಗಿರಲಿಲ್ಲ. 1930ರ ಕಾನೂನುಭಂಗ ಚಳವಳಿಯ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಅದು ನಡೆದಿತ್ತು. ಕಡಲಿಲ್ಲದ ಸೀಮೆಯಲ್ಲಿ ಉಪ್ಪು ಮಾಡಲಾಗದು. ಕೊಡಲಿ ಮಾತ್ರ ಎಲ್ಲ ಮನೆಯಲ್ಲಿಯೂ ಇತ್ತು.

ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕಡಿದದ್ದು ಸರ್ಕಾರಕ್ಕೆ ಸೇರಿದ ಈಚಲು ಮರಗಳನ್ನು. ಈ ಆಯ್ಕೆಯನ್ನು ಸರಿಯಾಗಿ ಅರಿಯುವುದು ಅಗತ್ಯ. ಈಚಲು ಒಳ್ಳೆಯ ಉರುವಲಲ್ಲ. ಸೌದೆಗಾಗಿ ಹೊರಟವರು ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ಈಚಲು ವನಗಳಿಂದ ಹೆಂಡವಿಳಿದು, ಅದರ ಅಬಕಾರಿ ಉತ್ಪನ್ನವು ಸರ್ಕಾರಕ್ಕೆ ಸಲ್ಲುತ್ತಿತ್ತು. ಆದ್ದರಿಂದ ಒಂದು ಈಚಲು ಮರ ನೆಲಕ್ಕುರುಳಿದಾಗ ಅರಣ್ಯ ಕಾನೂನಿನ ಉಲ್ಲಂಘನೆಯೂ, ಪಾನನಿರೋಧದ ಘೋಷಣೆಯೂ, ಸರ್ಕಾರದ ವರಮಾನಕ್ಕೆ ಪೆಟ್ಟೂ ಏಕಕಾಲಕ್ಕೆ ಆಗುತ್ತಿದ್ದುವು. ತುರುವನೂರಿನ ಸತ್ಯಾಗ್ರಹವನ್ನು ಸೌದೆಗಾಗಿ ನಡೆದ ಹೋರಾಟವೆಂದು ವರ್ಣಿಸುವುದು ಸರಿಯಲ್ಲ. ಕಾಡಿನ ಮೇಲಿನ ಅಧಿಕಾರ ಯಾರದು, ಆ ಅಧಿಕಾರವು ಯಾರ ಒಪ್ಪಿಗೆಯಿಂದ ಬಂದಿತು ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು.

ಸತ್ಯಾಗ್ರಹದ ನಿಯಮದಂತೆ ಈ ಕಾರ್ಯವು ಹಗಲಿನಲ್ಲಿ, ಎಲ್ಲರ ಎದುರಿನಲ್ಲಿ ನಡೆಯಬೇಕಾದುದು. ಕದ್ದು ಕಡಿದು ಗಾಡಿಗೆ ತುಂಬಿ ಸಾಗಿಸುವುದಕ್ಕೂ ಇದಕ್ಕೂ ಇರುವ ಅಂತರ ಅಷ್ಟೇ. ಕಡಿದವರು ಓಡಿಹೋಗುವಂತಿಲ್ಲ, ಬಂಧಿಸಿದರೆ ಬಂಧನಕ್ಕೆ ಒಳಗಾಗಬೇಕು. ನಿಜಲಿಂಗಪ್ಪನವರು ಬಂಧನಕ್ಕೊಳಗಾಗಿ ಸೆರೆವಾಸವನ್ನು ಅನುಭವಿಸಿದರು. ಅದರ ಪರಿಣಾಮವಾಗಿ ಅವರ ವಕೀಲಿ ಸನ್ನದು ರದ್ದಾಯಿತು. ಸೆರೆವಾಸಕ್ಕೆ ಒಂದು ಅವಧಿಯುಂಟು, ಮುಗಿದೊಡನೆ ಮನೆಗೆ ಮರಳಬಹುದು. ಮೂವತ್ತೇಳರ ಹರೆಯದಲ್ಲಿ, ವಕೀಲಿಯನ್ನೇ ಜೀವನೋಪಾಯವಾಗಿ ನಂಬಿದ್ದ ಗೃಹಸ್ಥನಿಗೆ ಸನ್ನದಿನ ರದ್ದತಿಯು ಅದಕ್ಕಿಂತ ಭಾರವಾದ ಶಿಕ್ಷೆ. ನ್ಯಾಯಾಲಯಕ್ಕೆ ಹೋಗಿ ಪರರ ಪರವಾಗಿ ಕಾನೂನನ್ನು ವಾದಿಸುವ ಅರ್ಹತೆಯನ್ನೇ ಕಾನೂನುಭಂಗಕ್ಕಾಗಿ ಕಳೆದುಕೊಂಡ ಈ ಪ್ರಸಂಗವು ಅವರ ಜೀವನದ ತಿರುವು ಎನ್ನಬಹುದು.

ಮುಂದಿನ ವರ್ಷಗಳ ಸಂಗತಿಗಳು ಬಹುಮಟ್ಟಿಗೆ ಸುಪರಿಚಿತ. ಅವರು ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಪ್ರಥಮ ಲೋಕಸಭೆಗೆ ಆಯ್ಕೆಯಾದರು. ಏಕೀಕರಣಕ್ಕಾಗಿ ದುಡಿದು 1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. 1958ರಲ್ಲಿ ಆ ಸ್ಥಾನವನ್ನು ಬಿಟ್ಟುಕೊಟ್ಟರು. 1962ರ ಚುನಾವಣೆಯಲ್ಲಿ ಮಾತ್ರ ತಮ್ಮ ಜಿಲ್ಲೆಯ ಹೊಸದುರ್ಗ ಕ್ಷೇತ್ರದಲ್ಲಿಯೇ ಅವರಿಗೆ ಸೋಲಾಯಿತು. ಪ್ರಜಾಸತ್ತೆಯ ಫಲವನ್ನು ಅವರೂ ಉಂಡರು ಎನ್ನಬೇಕು: ಜನರಿಗೆ ಉತ್ತರದಾಯಿಯಾದ ಸರ್ಕಾರ ಬೇಕೆಂದು ಸೆರೆಮನೆ ಸೇರಿದವರನ್ನು ಹೊಸದುರ್ಗದ ಮತದಾರರು ಮನೆಗೆ ಕಳುಹಿಸಿದರು. ಶ್ರೀ ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಗಳಾಗಿದ್ದು, ಬಾಗಲಕೋಟೆಯಿಂದ ನಿಜಲಿಂಗಪ್ಪನವರು ವಿಧಾನಸಭೆಗೆ ಆಯ್ಕೆಯಾದ ನಂತರ 1962ರ ಜೂನ್‌ನಲ್ಲಿ ಅಧಿಕಾರವನ್ನು ಅವರಿಗೆ ವಹಿಸಿದರು.

ಏಕೀಕರಣದಿಂದ ರಾಜ್ಯವೇನೋ ಒಂದಾಯಿತು. ಕಾಡಿನ ಕಾನೂನು ಒಂದಾಗಿರಲಿಲ್ಲ. ಹಳೆಯ ಮೈಸೂರಿಗೆ 1900ರ ಕಾನೂನು, ಮುಂಬಯಿ ಕರ್ನಾಟಕಕ್ಕೆ 1927ರ ಭಾರತೀಯ ಅರಣ್ಯ ಅಧಿನಿಯಮ, ಬಳ್ಳಾರಿ ಹಾಗೂ ದಕ್ಷಿಣ ಕನ್ನಡಕ್ಕೆ 1882ರ ಮದರಾಸು ಅರಣ್ಯ ಅಧಿನಿಯಮ, ಹೈದರಾಬಾದ್ ಕರ್ನಾಟಕಕ್ಕೆ ಅಲ್ಲಿನದೇ ಬೇರೆ ಕಾನೂನು. ಚಿತ್ರದುರ್ಗ ಜಿಲ್ಲೆಗೆ ಬಳ್ಳಾರಿಯ ಗಡಿ ಹೊಂದಿಕೊಂಡಿದ್ದುದರಿಂದ ಅಕ್ಕಪಕ್ಕದ ಎರಡು ಊರುಗಳ ಸೌದೆಹೊರೆಗೆ ಎರಡು ಕಾನೂನುಗಳು ಅನ್ವಯಿಸುತ್ತಿದ್ದುವು. ಇವುಗಳ ಬದಲಿಗೆ ರಾಜ್ಯಕ್ಕೆಲ್ಲ ಒಂದೇ ಕಾನೂನಾಗಿ ಬಂದುದು 1963ರ ಅರಣ್ಯ ಅಧಿನಿಯಮ. 1964ರ 5ನೆಯ ಅಧಿನಿಯಮವಾಗಿ ಅದು ಕಾನೂನು ಪುಸ್ತಕವನ್ನು ಸೇರಿತು. ನಿಯಮಗಳು 1969ರಲ್ಲಿ ಬಂದುವು. ಅಷ್ಟರಲ್ಲಿ ನಿಜಲಿಂಗಪ್ಪನವರು ರಾಜ್ಯದ ಅಧಿಕಾರವನ್ನು ತೊರೆದಿದ್ದರು.

ಸತ್ಯಾಗ್ರಹಿಯ ಸರ್ಕಾರವು ಮಾಡಿದ ಕಾನೂನು ಕಾಡನ್ನು ತೆರೆದಿಟ್ಟಿತೆಂದು ಭಾವಿಸಿದರೆ ಅದು ತಪ್ಪು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಮರ ಕಡಿಯುವುದು, ಅರಣ್ಯ ಉತ್ಪನ್ನವನ್ನು ತೆಗೆಯುವುದು 24ನೆಯ ಪ್ರಕರಣದ ಮೇರೆಗೆ ನಿಷಿದ್ಧವಾಗಿಯೇ ಉಳಿಯಿತು. ಗಾಳಿಮಳೆಗೆ ಉರುಳಿದ ಮರವೂ ಅಧಿನಿಯಮದ ದೃಷ್ಟಿಯಲ್ಲಿ ನಾಟಾ. ತಾನಾಗಿ ಬಿದ್ದಿದೆಯೆಂಬ ಕಾರಣಕ್ಕೆ ಅದನ್ನು ಮನೆಗೆ ಎಳೆದೊಯ್ಯುವಂತಿಲ್ಲ. ಬದಲಾದದ್ದು ಮತ್ತೊಂದು: ಈ ನಿರ್ಬಂಧವನ್ನು ವಿಧಿಸಿದ್ದು ಜನರು ಆರಿಸಿದ ವಿಧಾನಮಂಡಲ. ಒಂದು ಪ್ರದೇಶವನ್ನು 17ನೆಯ ಪ್ರಕರಣದಡಿ ಮೀಸಲು ಅರಣ್ಯವೆಂದು ಘೋಷಿಸುವ ಮೊದಲು 4ನೆಯ ಪ್ರಕರಣದ ಅಧಿಸೂಚನೆ ಹೊರಡಿಸಿ, ಅರಣ್ಯ ವ್ಯವಸ್ಥಾಪನಾಧಿಕಾರಿಯು ಅಲ್ಲಿನವರ ಹಕ್ಕುಬಾಧ್ಯತೆಗಳನ್ನು ವಿಚಾರಣೆ ಮಾಡಬೇಕು. ಇಂತಹ ವಿಚಾರಣೆ ಹಿಂದಿನ ಕಾನೂನುಗಳಿಗೂ ಅಪರಿಚಿತವಲ್ಲ. ಆದರೆ ವಿಚಾರಣೆಯ ತೀರ್ಪು ಒಪ್ಪದಿದ್ದರೆ ಶಾಸನಸಭೆಯಲ್ಲಿ ಕೇಳಬಲ್ಲ ಪ್ರತಿನಿಧಿ ಈಗ ಗ್ರಾಮಸ್ಥನಿಗೆ ಇದ್ದನು.

ನಂತರದ ದಶಕಗಳಲ್ಲಿ ಈ ಕ್ಷೇತ್ರಕ್ಕೆ ಕೇಂದ್ರದ ಕಾನೂನುಗಳೂ ಸೇರಿದುವು. 1980ರ ಅರಣ್ಯ (ಸಂರಕ್ಷಣಾ) ಅಧಿನಿಯಮ ಮತ್ತು 1996ರ ಡಿಸೆಂಬರ್‌ನ ಸರ್ವೋಚ್ಚ ನ್ಯಾಯಾಲಯದ ಆದೇಶದ ಬಳಿಕ, ಅರಣ್ಯದಲ್ಲಿ ಹಸಿ ಮರದ ಕಡಿತಲೆಯು ಅನುಮೋದಿತ ಕಾರ್ಯಯೋಜನೆಗೆ ಒಳಪಟ್ಟು ಮಾತ್ರ ನಡೆಯಬೇಕು. ಸ್ವಂತ ಉಪಯೋಗಕ್ಕೆಂದು ಕೇಳಿದ ಮಾತ್ರಕ್ಕೆ ಹಸಿ ಮರವನ್ನು ಕೊಡಲಾಗದು. ಇತ್ತ 1988ರ ರಾಷ್ಟ್ರೀಯ ಅರಣ್ಯ ನೀತಿಯು ಅರಣ್ಯದ ಅಂಚಿನ ಗ್ರಾಮಸ್ಥರ ಮನೆಬಳಕೆಯ ಉರುವಲನ್ನು ಅರಣ್ಯ ಉತ್ಪನ್ನದ ಮೇಲಿನ ಮೊದಲ ಹೊಣೆಯೆಂದು ಒಪ್ಪಿದೆ. 2006ರ ಅರಣ್ಯ ಹಕ್ಕುಗಳ ಅಧಿನಿಯಮವು ಕುರುಚಲು ಕಟ್ಟಿಗೆ ಮತ್ತು ಬುಡಕೊರಡುಗಳನ್ನು ಕಿರು ಅರಣ್ಯ ಉತ್ಪನ್ನದಲ್ಲಿ ಸೇರಿಸಿದ್ದು, ಅರ್ಹರಾದವರು ಆ ಹಕ್ಕನ್ನು ಗ್ರಾಮಸಭೆಯ ಮುಖಾಂತರ ಕೋರಬಹುದು. ಆದುದರಿಂದ ಅರ್ಜಿದಾರರು ಮೊಟ್ಟಮೊದಲು ತಾವು ಸೌದೆ ತರಬಯಸುವ ಜಾಗ ಮೀಸಲು ಅರಣ್ಯವೇ, ವನ್ಯಜೀವಿಧಾಮವೇ, ಕಂದಾಯ ಭೂಮಿಯೇ ಎಂಬುದನ್ನು ವಲಯ ಕಚೇರಿಯಲ್ಲಿ ವಿಚಾರಿಸಿ ತಿಳಿಯುವುದು ಸೂಕ್ತ. ಚಿತ್ರದುರ್ಗದ ಸನಿಹದ ಜೋಗಿಮಟ್ಟಿಯು 2015ರಲ್ಲಿ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿನ ನಿರ್ಬಂಧಗಳು ಇನ್ನಷ್ಟು ಬಿಗಿ. ಹಿಂದೆ ಹಿರಿಯರು ಅಲ್ಲಿಂದ ಹೊರೆ ತರುತ್ತಿದ್ದರೆಂಬುದು ಇಂದು ಅನುಮತಿಯಾಗದು. ಸ್ವಂತ ಜಮೀನಿನ ಮರವಾದರೆ 1976ರ ಮರಗಳ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ.

ನಿಜಲಿಂಗಪ್ಪನವರು 1968ರ ಮೇ ತಿಂಗಳಿನಲ್ಲಿ ಮುಖ್ಯಮಂತ್ರಿ ಸ್ಥಾನದಿಂದ ನಿರ್ಗಮಿಸಿದರು. ಅದಾಗಲೇ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1969ರಲ್ಲಿ ಪಕ್ಷವು ಇಬ್ಭಾಗವಾದಾಗ ಅವಿಭಜಿತ ಕಾಂಗ್ರೆಸ್ಸಿನ ಕೊನೆಯ ಅಧ್ಯಕ್ಷರೆನಿಸಿದರು. ಕ್ರಮೇಣ ಸಕ್ರಿಯ ರಾಜಕಾರಣದಿಂದ ದೂರ ಸರಿದು ಚಿತ್ರದುರ್ಗದ ತಮ್ಮ ಮನೆಯಲ್ಲಿ ನೆಲೆಸಿದರು. ಅಧಿಕಾರದಲ್ಲಿದ್ದಾಗ ಶರಾವತಿ ಜಲವಿದ್ಯುತ್ ಯೋಜನೆಯಂತಹ ದೊಡ್ಡ ಕಾಮಗಾರಿಗಳನ್ನು ನಡೆಸಿದ ಅವರ ಉಡುಗೆ ಕಡೆಯವರೆಗೂ ಖಾದಿಯೇ.

2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ, ಅವರು ಚಿತ್ರದುರ್ಗದಲ್ಲಿ ನಿಧನರಾದರು. ನಗರದ ಹೊರವಲಯದ ಸೀಬಾರದಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಅವರ ಸ್ಮಾರಕವಿದೆ. 2011ರಲ್ಲಿ ದಲೈ ಲಾಮಾ ಅವರು ಅದನ್ನು ಉದ್ಘಾಟಿಸಿದರು.