ಅಮ್ಮಿಯ ಕಾಯಿಲೆಗೆ ಹೆಸರು ಕೊಟ್ಟವರು

ಕಳೆದ ಮಳೆಗಾಲ ವೈರಲ್ ಜ್ವರ ಬಿಟ್ಟು ಮೂರು ವಾರಕ್ಕೆ ಅಮ್ಮಿಗೆ ಕುತ್ತಿಗೆ ನೋವು, ಎದೆಬಡಿತ, ಕೈ ನಡುಕ ಶುರುವಾಯಿತು. ಗಂಟಲು ನೋವೆಂದು ಬಿಸಿನೀರು ಕೊಟ್ಟೆವು. ರಕ್ತ ಪರೀಕ್ಷೆ ಮಾಡಿಸಿದಾಗ ಅದು ಥೈರಾಯ್ಡ್ ಉರಿಯೂತ. ಡಿ ಕೆರ್ವೆನ್ ಎಂಬವರ ಹೆಸರಿನ ಕಾಯಿಲೆಯಂತೆ. ಯಾರು ಇವರು ಎಂದು ಹುಡುಕಿದೆ.

ಫ್ರಿಟ್ಜ್ ಡಿ ಕೆರ್ವೆನ್ 1868ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದರು. ಗಡಿಯಾರ ತಯಾರಿಸುವ ಊರೊಂದರಲ್ಲಿ ಶಸ್ತ್ರವೈದ್ಯರಾಗಿದ್ದರು. 1895ರಲ್ಲಿ ಹೆಬ್ಬೆರಳ ಬುಡದ ನೋವೊಂದನ್ನು ವಿವರಿಸಿದರು. ಅದಕ್ಕೂ ಅವರದೇ ಹೆಸರು! 1904ರಲ್ಲಿ ಅಮ್ಮಿಗೆ ಬಂದ ಈ ಉರಿಯೂತದ ಬಗ್ಗೆ ಬರೆದರು. 1918ರಲ್ಲಿ ನೊಬೆಲ್ ವಿಜೇತ ಕೋಖರ್ ಅವರ ಸ್ಥಾನಕ್ಕೆ ಬರ್ನ್ ನಗರಕ್ಕೆ ಬಂದರು. ಗಳಗಂಡ ತಡೆಯಲು ಅಯೋಡಿನ್ ಉಪ್ಪು ಬೇಕೆಂದು ಹೋರಾಡಿದರು. ಆಪರೇಷನ್ ಮಾಡುವವರೇ ತಮ್ಮ ಗಿರಾಕಿಗಳನ್ನು ಕಡಿಮೆ ಮಾಡಿಕೊಂಡರಲ್ಲ! ಕಾಮರ್ಸ್ ಓದುವ ನನಗೆ ಇದೇ ಆಶ್ಚರ್ಯ. 1940ರಲ್ಲಿ ತೀರಿಕೊಂಡರು.

ಅಮ್ಮಿಯ ನೋವು ಹೋಗಿದೆ. ಥೈರಾಯ್ಡ್ ಈಗ ಕಡಿಮೆಯಾಗಲೂಬಹುದು ಎಂದಿದ್ದಾರೆ. ಮುಂದಿನ ವಾರ ಮತ್ತೆ ಪರೀಕ್ಷೆ.