ಮಕ್ಕಳ ಪಂಜೆಯವರು

ಪಂಜೆ ಮಂಗೇಶರಾಯರು 1874ರಲ್ಲಿ ಬಂಟವಾಳದಲ್ಲಿ ಜನಿಸಿದರು. ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಗಳಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. 'ಕವಿಶಿಷ್ಯ' ಎಂಬ ಹೆಸರಿನಿಂದ ಮಕ್ಕಳಿಗೆ ಹಾಡು, ಕಥೆಗಳನ್ನು ರಚಿಸಿದರು. ತುಳುನಾಡಿನ ಪಾಡ್ದನದ ವೀರರನ್ನು 'ಕೋಟಿ ಚೆನ್ನಯ'ದಲ್ಲಿ ಕನ್ನಡದ ಎಳೆಯರಿಗೆ ಪರಿಚಯಿಸಿದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ನಮ್ಮ ನೆರೆಯ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ಕಾಲವಾದರು.

ನಾನು ಬಹುಕಾಲ ಬೆತ್ತ ಹಿಡಿದು ವ್ಯಾಕರಣ ಬೋಧಿಸಿದವನು. ಮನೆಯಲ್ಲಿ ತೆಲುಗನ್ನಾಡುವ ಧರೂರಿನ ಬಾಲಕರು ಕನ್ನಡದ ತಾಸಿಗೆ ಅಂಜುತ್ತಿದ್ದರು. ಪಂಜೆಯವರ ಕಥೆಗಳನ್ನು ಓದಿ ಹೇಳತೊಡಗಿದ ಮೇಲೆ ಅವರೇ ಬಂದು ಪುಸ್ತಕ ಬೇಡಿದರು. ಆ ಅರಿವು ನನಗೆ ತಡವಾಗಿ ಬಂದಿತು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ಮಕ್ಕಳು ಅದನ್ನು ಪ್ರೀತಿಸಬೇಕು. ಹಳೆಯ ವಿದ್ಯಾರ್ಥಿಗಳೇ, ನನ್ನ ಬೆತ್ತವನ್ನು ಮನ್ನಿಸಿರಿ. ನಿಮ್ಮ ಮಕ್ಕಳ ಕೈಗೆ ಪಂಜೆಯವರ ಪುಸ್ತಕವನ್ನು ಕೊಡಿರಿ.